ನೆಗ್ಗಿನ ಮೇಲೆ ಅರ್ಧ ಲೋಟ

ಕುಳ್ಳಯ್ಯ ಆರಡಿ ಮೂರಂಗುಲ ಇದ್ದ. ತೊಟ್ಟಿಲಲ್ಲಿ ನೋಡಿ ಹೆಸರಿಟ್ಟವರಿಗೆ ಮುಂದಿನದು ಕಂಡಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಅವನು ಕಿರಂಗೂರಿನ ಕಡೆಯಿಂದ ಸೈಕಲ್ಲು ತುಳಿಯುತ್ತ ಹೊರಟರೆ ನೆರಳು ಏಳೂವರೆಗೇ ನಮ್ಮೂರ ಹಾಲಿನ ಡೈರಿಗೆ ಬಂದು ಮುಟ್ಟುತ್ತಿತ್ತು, ಅವನು ಬರುವಾಗ ಎಂಟಾಗುತ್ತಿತ್ತು. ನಾನು ಡೈರಿಯ ಸೆಕ್ರೆಟರಿ. ನೆರಳು ಬಾಗಿಲಿಗೆ ಬಿದ್ದ ಕೂಡಲೇ ಕಾಫಿಗೆ ನೀರಿಡುತ್ತಿದ್ದೆ. ನೆರಳಿನ ಒಡೆಯ ಬರುವಷ್ಟರಲ್ಲಿ ಡಿಕಾಕ್ಷನ್ನು ಇಳಿದಿರುತ್ತಿತ್ತು.

ಅವನು ಸರ್ಕಾರದ ಆರೋಗ್ಯ ಸಹಾಯಕ. ಸುತ್ತಲಿನ ಏಳು ಊರು ಅವನ ಪಾಲಿಗೆ. ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಮಕ್ಕಳಿಗೆ ಸೂಜಿ ಹಾಕಿಸುವ ದಿನ ಸಾರಿಕೊಂಡು ಬರುವುದು, ಎಲ್ಲವೂ ಅವನ ಕೆಲಸವೇ. ಆದರೆ ಜನ ಕರೆಯುತ್ತಿದ್ದುದು ನೀರು ಕುಳ್ಳಯ್ಯ ಎಂದು. ಯಾವ ಊರಲ್ಲಿ ಯಾವ ಮಗುವಿಗೆ ವಾಂತಿ ಭೇದಿಯಾದರೂ ಅವನ ಖಾಕಿ ಚೀಲದಿಂದ ಉಪ್ಪು, ಗ್ಲೂಕೋಸು ಬೆರೆಸಿದ ಪುಡಿಯ ಪೊಟ್ಟಣ ಹೊರಗೆ ಬರುತ್ತಿತ್ತು. ಒಂದು ಪೊಟ್ಟಣ, ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ನಮ್ಮೂರ ಗಿಣಿಗಳು ಭತ್ತದ ಗದ್ದೆಗೆ ಇಳಿಯುವಾಗಲೂ ಒಂದು ಪೊಟ್ಟಣ ಒಂದು ಲೀಟರ್ ಎಂದು ಕೂಗಿಕೊಂಡೇ ಇಳಿಯುತ್ತಿದ್ದವು. ನಂಬದಿದ್ದರೆ ಬಿಡಿ, ಗಿಣಿಗಳ ಕೂಗು ಕೇಳಿಸಲು ಈಗ ಗದ್ದೆಯೂ ಉಳಿದಿಲ್ಲ.

ನಮ್ಮದು ನಾಲೆಯ ನೀರು ಹಿತ್ತಲವರೆಗೆ ಬರುವ ಊರು. ಎಮ್ಮೆಗಳು ದಿನಕ್ಕೆ ಮೂರು ಸಲ ಮೀಯುತ್ತಿದ್ದವು. ಅಂಥ ಊರಿನಲ್ಲಿ ಭೇದಿ ಹತ್ತಿದವರಿಗೆ ಮಾತ್ರ ತೊಟ್ಟು ನೀರು ಕೊಡುತ್ತಿರಲಿಲ್ಲ. ಮೇಲೆ ಹಾಕಿದ್ದು ಕೆಳಗೆ ಹೋಗುತ್ತದೆ, ಹಾಕುವುದನ್ನೇ ನಿಲ್ಲಿಸಿದರೆ ಹೋಗುವುದೂ ನಿಲ್ಲುತ್ತದೆ, ಆದ್ದರಿಂದ ಹೊಟ್ಟೆಯನ್ನು ಒಣಗಿಸಬೇಕು ಎಂಬುದು ನಮ್ಮ ಹಿರಿಯರ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಕಾಣುತ್ತಿತ್ತು. ಹೊಟ್ಟೆಯ ಜತೆಗೆ ಮನುಷ್ಯನೂ ಒಣಗುತ್ತಾನೆ ಎಂಬುದನ್ನು ಮಾತ್ರ ಯಾರೂ ಕೂಡಿಸಿರಲಿಲ್ಲ.

ಕುಳ್ಳಯ್ಯ ಅದನ್ನು ಮನೆಮನೆಯ ಜಗಲಿಯಲ್ಲಿ ಕೂತು ಕೂಡಿಸಿ ತೋರಿಸಿದ. ಜನ ಒಪ್ಪಿದರು. ಒಪ್ಪಿದ ಮೇಲೆ ಇನ್ನೊಂದು ತೊಡಕು ಎದ್ದಿತು. ನಮ್ಮ ಹೆಂಗಸರಿಗೆ ಸೇರು ಗೊತ್ತಿತ್ತು, ಪಾವು ಗೊತ್ತಿತ್ತು. ಲೀಟರು ಸರ್ಕಾರದ ಪೈಕಿಯದು. ಚಿಕ್ಕಬೋರಮ್ಮ ಎಂಬುವಳು ಒಂದು ಪೊಟ್ಟಣವನ್ನು ಸ್ನಾನದ ಹಂಡೆಗೆ ಸುರಿದು, ಮನೆಯ ಹನ್ನೊಂದು ಜನಕ್ಕೂ ಎರಡು ಕರುಗಳಿಗೂ ತೀರ್ಥದ ಹಾಗೆ ಹಂಚಿದಳು. ಇನ್ನೊಬ್ಬಳು ಒಂದೇ ಲೋಟದಲ್ಲಿ ಕದಡಿ ಕುಡಿಸಿದಳು. ಆ ಉಪ್ಪಿಗೆ ಮಗು ಇನ್ನಷ್ಟು ಬಾಡಿ, ಪಟ್ಟಣದ ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕಾಯಿತು. ಆ ದಿನ ಸಂಜೆ ಕುಳ್ಳಯ್ಯ ಡೈರಿಗೆ ಬಂದು, ನನ್ನ ಒಂದು ಲೀಟರಿನ ಅಳತೆಯನ್ನು ದಿನಾ ಬೆಳಿಗ್ಗೆ ಹಾಲು ಮುಗಿದ ಮೇಲೆ ತನಗೆ ಕೊಡಬೇಕೆಂದು ಕೇಳಿದ. ಊರಲ್ಲಿ ಸರ್ಕಾರದ ಮುದ್ರೆ ಇದ್ದ ಲೀಟರು ಅದೊಂದೇ.

ಆಮೇಲೆ ಅವನು ಮಾಡಿದ ಕೆಲಸವನ್ನು ಯಾವ ಸರ್ಕಾರವೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಒಂದು ಕೈಯಲ್ಲಿ ನನ್ನ ಅಳತೆ, ಜೇಬಿನಲ್ಲಿ ಒಂದು ಲಾಳದ ಮೊಳೆ. ಮನೆಮನೆಗೆ ಹೋಗಿ, ಅವರವರು ದಿನಾ ನೀರು ತುಂಬುವ ಚೊಂಬನ್ನೇ ತರಿಸಿ, ಅದಕ್ಕೆ ಅಳೆದು ಒಂದು ಲೀಟರ್ ನೀರು ಹಾಕಿ, ನೀರು ನಿಂತ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಕೊರೆದು ಒಂದು ಗೆರೆ ಎಳೆಯುತ್ತಿದ್ದ. ಗೆರೆ ಎಂದರೆ ದಾರ ಹಿಡಿದು ಎಳೆದಷ್ಟು ನೇರ. ಆಮೇಲೆ ಆ ಮನೆಯ ಹೆಂಗಸಿನ ಕೈಯಿಂದಲೇ ಗೆರೆಯವರೆಗೆ ನೀರು ತುಂಬಿಸಿ ನೋಡುತ್ತಿದ್ದ. ಹಿತ್ತಾಳೆಯ ಚೊಂಬು, ತಾಮ್ರದ ಚೊಂಬು, ಸ್ಟೀಲಿನ ಚೊಂಬು, ಮೇಲಿನ ಬೀದಿ, ಕೆಳಗಿನ ಕೇರಿ ಎಂದು ನೋಡದೆ ನಮ್ಮೂರಲ್ಲೇ ಮುನ್ನೂರ ನಲವತ್ತು ಚೊಂಬಿಗೆ ಗೆರೆ ಎಳೆದ. ಎಳೆದಲ್ಲೆಲ್ಲ ಒಂದು ಲೋಟ ನೀರು ಕೇಳಿ ಕುಡಿಯುತ್ತಿದ್ದ. ಬೇಡ ಎಂದದ್ದಿಲ್ಲ. ಸಂಜೆಯ ಹೊತ್ತಿಗೆ ಅವನು ಸೈಕಲ್ ಹತ್ತಿದರೆ ಒಳಗೆ ಕೆರೆ ತುಳುಕುವ ಸದ್ದು ನನಗೆ ಡೈರಿಯ ಒಳಗಿಂದಲೇ ಕೇಳುತ್ತಿತ್ತು.

ನಮ್ಮೂರಲ್ಲಿ ಇದ್ದದ್ದು ಮುನ್ನೂರ ನಲವತ್ತೊಂದು ಮನೆ.

ಉಳಿದ ಒಂದು ಮಂಚಮ್ಮನದು, ಹುಣಸೆಮರದ ಬೀದಿಯಲ್ಲಿ ಕೊನೆಯ ಮನೆ. ಮಂಚಮ್ಮ ಕುಳ್ಳಯ್ಯನ ಒಡಹುಟ್ಟಿದ ತಂಗಿ.

ಅವರ ಊರು ನಾಗಮಂಗಲದ ಕಡೆ. ಅಲ್ಲಿ ನಾಲೆ ಇಲ್ಲ. ರಾಗಿ, ಹುರುಳಿ, ಅವರೆಯ ನೆಲ. ನೀರೆಂದರೆ ಮೂವತ್ತು ಮೊಳದ ಸೇದೋ ಬಾವಿ. ಎಪ್ಪತ್ತೆರಡನೇ ಇಸವಿಯಲ್ಲಿ ಅವರ ತಾಯಿ ಬೈರಮ್ಮನಿಗೆ ವಾಂತಿ ಭೇದಿ ಹತ್ತಿತು. ಕುಳ್ಳಯ್ಯನಿಗೆ ಇಪ್ಪತ್ತೆರಡು, ತಂದೆ ಇರಲಿಲ್ಲ, ಮನೆಗೆ ಅವನೇ ಯಜಮಾನ. ಊರಿನ ಹಿರಿಯರು ಹೊಟ್ಟೆ ಒಣಗಿಸು ಎಂದರು. ಅವನು ಒಣಗಿಸಿದ. ಒಂದು ಹಗಲು, ಒಂದು ಇರುಳು ತಾಯಿ ನೀರು ನೀರು ಎಂದು ಕೇಳುತ್ತಲೇ ಇದ್ದಳು. ಅವನು ಬಾಗಿಲಲ್ಲಿ ಅಡ್ಡ ಕೂತು ಕಾದ. ತಾಯಿಯನ್ನು ಉಳಿಸಿಕೊಳ್ಳಬೇಕೆಂಬ ಆಸೆ ಅವನಿಗೆ ಅಷ್ಟಿತ್ತು. ಮರುದಿನ ಬೆಳಿಗ್ಗೆ ಮಂಚಮ್ಮ ಗಂಡನ ಮನೆಯಿಂದ ಓಡಿಬಂದಳು. ಮದುವೆಯಾಗಿ ಏಳು ತಿಂಗಳಾಗಿತ್ತು. ತಾಯಿಯ ಮುಖ ನೋಡಿದವಳೇ ಹಿತ್ತಾಳೆಯ ಚೊಂಬಿನಲ್ಲಿ ನೀರು ಮೊಗೆದು ತಂದಳು. ಅಣ್ಣ ಕಿತ್ತುಕೊಂಡ. ಎಳೆದಾಟದಲ್ಲಿ ಚೊಂಬು ಒರಳುಕಲ್ಲಿನ ಅಂಚಿಗೆ ಬಡಿದು ಹೊಟ್ಟೆಯ ಹತ್ತಿರ ನೆಗ್ಗಿತು. ನೀರು ನೆಲಕ್ಕೆ ಹೋಯಿತು. ಬೈರಮ್ಮ ಚಾಪೆಯಿಂದ ಕೈ ಚಾಚಿ, ಒದ್ದೆಯಾದ ಸಗಣಿ ನೆಲವನ್ನು ಬೆರಳಲ್ಲಿ ಸವರಿ, ಆ ಬೆರಳನ್ನು ತುಟಿಗೆ ಇಟ್ಟುಕೊಂಡಳು. ಮಧ್ಯಾಹ್ನಕ್ಕೆ ಹೋಗಿಬಿಟ್ಟಳು.

ಇದನ್ನು ಕುಳ್ಳಯ್ಯ ನನಗೆ ಹೇಳಿದ್ದು ಒಂದೇ ಸಲ.

ತಿಥಿಯ ದಿನ ಮಂಚಮ್ಮ ಆ ನೆಗ್ಗಿದ ಚೊಂಬನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ನೆಂಟರೆಲ್ಲ ನೋಡುತ್ತಿರುವಾಗ ಅಣ್ಣನಿಗೆ ಹೇಳಿದಳು, "ಎತ್ತವ್ವಂಗೆ ಒಂದ್ ಗುಟ್ಕು ನೀರ್ ಬುಡ್ನಿಲ್ಲ ನೀನು. ನನ್ ಮನೇಲಿ ನಿಂಗೆ ನೀರಿಲ್ಲ."

ನಮ್ಮ ಕಡೆ ಈ ಮಾತಿಗಿಂತ ದೊಡ್ಡ ಮಾತಿಲ್ಲ. ಮನೆಗೆ ಬಂದವನಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಅದಾದ ಮೇಲೆ ಏನು ಬಂದೆ ಎಂಬ ಪ್ರಶ್ನೆ. ಜಗಳವಾಡಲು ಬಂದವನಿಗೂ ನೀರು ಕೊಟ್ಟೇ ಜಗಳ ಶುರು ಮಾಡುತ್ತೇವೆ. ನೀರಿಲ್ಲ ಎಂದರೆ ಸಂಬಂಧವೇ ಇಲ್ಲ ಎಂದ ಹಾಗೆ.

ಕುಳ್ಳಯ್ಯ ಆರೋಗ್ಯ ಇಲಾಖೆಗೆ ಸೇರಿದ್ದು ಅದಾಗಿ ಆರು ವರ್ಷಕ್ಕೆ. ಮೈಸೂರಿನಲ್ಲಿ ತರಬೇತಿ. ಮೂರನೆಯ ದಿನ ಮೇಷ್ಟರು ಭೇದಿಯ ಪಾಠ ಮಾಡಿದರಂತೆ. ಹೋಗುತ್ತಿರುವಷ್ಟು ನೀರನ್ನು ಬಾಯಿಂದ ತುಂಬುತ್ತ ಇರಬೇಕು, ನಿಲ್ಲಿಸಿದರೆ ರೋಗಿ ಹೋಗುತ್ತಾನೆ ಎಂದು ಬೋರ್ಡಿನ ಮೇಲೆ ಬರೆದರಂತೆ. ಬೇರೆಯವರು ಬರೆದುಕೊಂಡರು. ಕುಳ್ಳಯ್ಯ ಎದ್ದು ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಇಟ್ಟು ನಿಂತುಬಿಟ್ಟ. ಕೆಲಸ ಕೊಟ್ಟದ್ದು ಕೆ.ಆರ್. ಪೇಟೆಯ ಕಡೆ. ಬೇರೆ ನೌಕರರು ವರ್ಗ ತಪ್ಪಿಸಿಕೊಳ್ಳಲು ಕಾಲು ಹಿಡಿದರೆ ಇವನು ವರ್ಗ ಮಾಡಿ ಎಂದು ಎಂಟು ವರ್ಷ ಕಾಲು ಹಿಡಿದ. ಎಂಬತ್ತಾರರಲ್ಲಿ ಅವನಿಗೆ ಸಿಕ್ಕ ಏಳು ಊರುಗಳಲ್ಲಿ ತಂಗಿಯ ಊರು ಒಂದು. ಉಳಿದ ಆರು ಊರುಗಳಿಗೂ ಅವನು ನಮ್ಮೂರ ಮೇಲೆಯೇ ಹೋಗುತ್ತಿದ್ದ. ಭೂಗೋಳ ಒಪ್ಪದಿದ್ದರೂ ಅವನ ಸೈಕಲ್ಲು ಒಪ್ಪುತ್ತಿತ್ತು.

ಮಂಚಮ್ಮನ ಮನೆಯ ಮುಂದೆ ಬಂದಾಗ ಒಂದು ಸಲ ಬೆಲ್ಲು ಹೊಡೆಯುತ್ತಿದ್ದ. ಯಾರೂ ಹೊರಗೆ ಬರುತ್ತಿರಲಿಲ್ಲ. ಹಾಗೇ ಮುಂದಕ್ಕೆ ಹೋಗುತ್ತಿದ್ದ. ಆದರೆ ಸರ್ಕಾರದ ಕೆಲಸದಲ್ಲಿ ಒಂದು ಮನೆ ಬಿಡುವಂತಿಲ್ಲ. ಕಡೆಗೆ ಅವನು ಬಾಗಿಲ ಪಕ್ಕ ಕಟ್ಟಿದ್ದ ಎಮ್ಮೆಗೆ ಹೇಳತೊಡಗಿದ. ನಾಳಿದ್ದು ಮಕ್ಕಳಿಗೆ ಸೂಜಿ ಹಾಕುತ್ತಾರೆ, ಶಾಲೆಯ ಹತ್ತಿರ ಕರೆತರಬೇಕು. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಎಮ್ಮೆ ಕೇಳಿಸಿಕೊಂಡು ಬಾಲ ಆಡಿಸುತ್ತಿತ್ತು. ಆರೋಗ್ಯದ ವಿಷಯದಲ್ಲಿ ಅಷ್ಟು ತಿಳಿದ ಎಮ್ಮೆ ಮೂರು ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ. ಪರೀಕ್ಷೆಗೆ ಕೂರಿಸಿದ್ದರೆ ನಮ್ಮ ಪಂಚಾಯ್ತಿಯ ಅರ್ಧ ಜನಕ್ಕಿಂತ ಮುಂದೆ ಬರುತ್ತಿತ್ತು. ಒಳಗಿನಿಂದ ಮಂಚಮ್ಮನೂ ಕೇಳಿಸಿಕೊಳ್ಳುತ್ತಿದ್ದಳು ಎಂಬುದಕ್ಕೆ ಗುರುತಿತ್ತು. ಸೂಜಿಯ ದಿನ ಅವಳ ಮಕ್ಕಳೇ ಸಾಲಿನಲ್ಲಿ ಮೊದಲು.

ಪೊಟ್ಟಣವನ್ನು ಮಾತ್ರ ಅವಳು ಇಟ್ಟುಕೊಳ್ಳಲಿಲ್ಲ. ತಿಂಗಳಿಗೊಮ್ಮೆ ಕುಳ್ಳಯ್ಯ ಜಗಲಿಯ ತುದಿಯಲ್ಲಿ ಒಂದು ಪೊಟ್ಟಣ ಇಟ್ಟು ಮೇಲೆ ಕಲ್ಲು ಹೇರಿ ಹೋಗುತ್ತಿದ್ದ. ಮರುದಿನ ಹಾಲು ಹಾಕಲು ಬಂದ ಮಂಚಮ್ಮ ಅದನ್ನು ನನ್ನ ಮೇಜಿನ ಮೇಲೆ ಇಟ್ಟು, ಯಾರೋ ಬೀಳಿಸಿಕೊಂಡು ಹೋಗಿದ್ದಾರೆ ಎಂದು ಹೇಳಿ ಹೋಗುತ್ತಿದ್ದಳು. ಹತ್ತು ವರ್ಷ ಹೀಗೇ ನಡೆಯಿತು. ನನ್ನ ಡ್ರಾಯರಿನಲ್ಲಿ ಪೊಟ್ಟಣ ಬಿದ್ದುಕೊಂಡಿರುತ್ತಿದ್ದವು. ಬೇಸಿಗೆಯಲ್ಲಿ ಒಂದೊಂದನ್ನು ಕಲಸಿ ನಾನೇ ಕುಡಿದಿದ್ದೇನೆ. ಇದನ್ನು ಕುಳ್ಳಯ್ಯನಿಗೆ ಹೇಳಿರಲಿಲ್ಲ.

ಮಂಚಮ್ಮ ಹಾಲು ತರುತ್ತಿದ್ದುದು ಆ ಹಿತ್ತಾಳೆಯ ಚೊಂಬಿನಲ್ಲೇ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣುತ್ತಿತ್ತು, ನೆಗ್ಗಿದ ಕಡೆ ಮುಖ ಸೊಟ್ಟಗೆ ಕಾಣುತ್ತಿತ್ತು. ಕುಳ್ಳಯ್ಯ ಒಂದು ದಿನ ಕಾಫಿ ಕುಡಿಯುತ್ತ, ಆ ಚೊಂಬು ನೆಗ್ಗಿನವರೆಗೆ ಎಷ್ಟು ಹಿಡಿಯುತ್ತದೆ ಎಂದು ಕೇಳಿದ. ನನಗೇನು ಗೊತ್ತು ಎಂದೆ. ಮುಂದಿನ ವಾರ ಮತ್ತೆ ಕೇಳಿದ. ಅದರ ಮುಂದಿನ ವಾರವೂ ಕೇಳಿದ. ಕಾಟ ತಾಳಲಾರದೆ ಒಂದು ಬೆಳಿಗ್ಗೆ, ಸರಿಯಾಗಿ ನೆಗ್ಗಿನ ಮಟ್ಟಕ್ಕೆ ಹಾಲು ಬಂದಿದ್ದಾಗ ಅಳೆದು ನೋಡಿದೆ. ಒಂದು ಲೀಟರಿಗೆ ಅರ್ಧ ಲೋಟ ಕಡಿಮೆ ಬಂತು. ಹೇಳಿದೆ. ಅವನು ದಿನಚರಿ ಪುಸ್ತಕ ತೆಗೆದು ಬರೆದುಕೊಂಡ. ಹೆಂಡತಿ ಹೆಸರು ಮರೆತರೂ ಮರೆತಾನು, ಅರ್ಧ ಲೋಟವನ್ನು ಮರೆಯಲಿಲ್ಲ.

ನೀನು ದಿನಕ್ಕೆ ಮೂವತ್ತು ಮನೆಯ ನೀರು ಕುಡಿಯುತ್ತೀಯಲ್ಲ, ಒಂದು ಮನೆಯ ನೀರಿಗೆ ಯಾಕೆ ಇಷ್ಟು ಕೊರಗುತ್ತೀಯ ಎಂದು ನಾನೊಮ್ಮೆ ಹಾಸ್ಯ ಮಾಡಿದೆ. ಅವನು ಲೋಟದ ತಳ ನೋಡುತ್ತ ಹೇಳಿದ, "ಅಷ್ಟೂ ಕುಡುದ್ರೂವೆ ಗಂಟ್ಲು ಒಣಕ್ಕಂಡೇ ಐತೆ ಕಣ ಸೆಕ್ರೆಟ್ರಪ್ಪ. ಹೊಲ್ತಾವ್ಕೆ ನೀರ್ ತರೋಳು ಮಂಚಿ. ಇಷ್ಟುದ್ದ ಇದ್ಲು, ಆ ಚೊಂಬು ಅವಳ್ಗಿಂತ ತೂಕ. ಒಂದ್ ತೊಟ್ಟು ಚೆಲ್ತಿರ್ನಿಲ್ಲ."

ತೊಂಬತ್ತಾರರ ಬೇಸಿಗೆಯ ಮಾತು. ಆ ವರ್ಷದ ಬಿಸಿಲಿಗೆ ನಮ್ಮೂರ ಎಮ್ಮೆಗಳು ಹಾಲಿನ ಬದಲು ಹಾಲಿನ ಪುಡಿ ಕೊಡುತ್ತಿದ್ದವು. ನಾನೇ ನೀರು ಹಾಕಿ ಕಲಸಿ ಕ್ಯಾನಿಗೆ ತುಂಬುತ್ತಿದ್ದೆ. ಯುಗಾದಿ ಕಳೆದು ಎರಡು ವಾರಕ್ಕೆ ಮಂಚಮ್ಮನ ಮಗಳು ಬೇಸಿಗೆ ಕಳೆಯಲು ತವರಿಗೆ ಬಂದಿದ್ದಳು, ಕಂಕುಳಲ್ಲಿ ಒಂದೂವರೆ ವರ್ಷದ ರಮ್ಯ. ಒಂದು ಬೆಳಿಗ್ಗೆ ಹಾಲು ಅಳೆದು ಮುಗಿದಿತ್ತು. ನಮ್ಮ ಹಾಲು ಪರೀಕ್ಷೆಯ ಹುಡುಗ ವರ್ಷದ ಮುದ್ರೆ ಹಾಕಿಸಲು ಅಳತೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಪಟ್ಟಣಕ್ಕೆ ಹೋಗಿದ್ದ. ಮಂಚಮ್ಮ ಚೊಂಬಿಲ್ಲದೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣಯ್ಯ, ಆ ಬಿದ್ದಿದ್ ಪೊಟ್ಣ ಇದ್ರೆ ಒಂದ್ ಕೊಡಿ."

ಮಗುವಿಗೆ ರಾತ್ರಿಯಿಂದ ವಾಂತಿ, ಭೇದಿ. ಮುಂಜಾವದಿಂದ ಉಚ್ಚೆ ಹೊಯ್ದಿಲ್ಲ. ಅತ್ತರೆ ಕಣ್ಣೀರೂ ಬರುತ್ತಿಲ್ಲ. ನಾನು ಡ್ರಾಯರು ಎಳೆದೆ. ಒಳ್ಳೆಯವನ್ನೆಲ್ಲ ನಾನು ಕುಡಿದಾಗಿತ್ತು. ಉಳಿದವು ಹಳೆಯವು, ತೇವಕ್ಕೆ ಕಂದು ಬಣ್ಣಕ್ಕೆ ತಿರುಗಿ ಕಲ್ಲಾಗಿದ್ದವು. ಜೀವಮಾನದಲ್ಲಿ ನನ್ನ ಮುಖ ಅಷ್ಟು ಸಣ್ಣಗಾದದ್ದಿಲ್ಲ. ಅವಳು ನನ್ನ ಮುಖ ನೋಡಿದಳು, ಡ್ರಾಯರು ನೋಡಿದಳು. ಅಷ್ಟರಲ್ಲಿ ಬಾಗಿಲಿಗೆ ಉದ್ದನೆಯ ನೆರಳು ಬಿತ್ತು. ಅವಳು ಸೆರಗು ಹೊದ್ದು ಮನೆಗೆ ಹೊರಟುಹೋದಳು.

ಕುಳ್ಳಯ್ಯ ಬಂದ. ನಾನು ಹೇಳಿದೆ. ಕಾಫಿ ಅಲ್ಲೇ ಆರಿತು.

ಅವನು ತಂಗಿಯ ಮನೆಯ ಮುಂದೆ ಸೈಕಲ್ಲು ಕೆಡವಿ, ಬೀದಿಯಲ್ಲೇ ನಿಂತ. ಜಗಲಿ ಹತ್ತಲಿಲ್ಲ. ಹೊಸ ಪೊಟ್ಟಣಗಳನ್ನು ನನ್ನ ಕೈಗೆ ಕೊಟ್ಟ. ನಾನು ಒಳಗೆ ಹೋದೆ. ಮಗು ತಾಯಿಯ ಮಡಿಲಲ್ಲಿ ಒಗೆದು ಹಿಂಡಿದ ಬಟ್ಟೆಯ ಹಾಗೆ ಮಲಗಿತ್ತು. ಕಣ್ಣು ಗುಳಿಬಿದ್ದಿತ್ತು. ಕುಳ್ಳಯ್ಯ ಹೊರಗಿನಿಂದ ಕೇಳಿದ, ನಾನು ನೋಡಿ ಹೇಳಿದೆ. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ನಿಧಾನಕ್ಕೆ ಮರಳುತ್ತಿತ್ತು, ನೀರು ತೋರಿಸಿದರೆ ಬಾಯಿ ಮುಂದೆ ಬರುತ್ತಿತ್ತು. ಕುಡಿಯುವ ಶಕ್ತಿ ಇದೆ, ಈಗಲೇ ಶುರು ಮಾಡಿ, ಮಧ್ಯಾಹ್ನ ಮೂರರೊಳಗೆ ಉಚ್ಚೆ ಹೊಯ್ಯದಿದ್ದರೆ, ಇಲ್ಲವೇ ಕುಡಿಯುವುದನ್ನು ನಿಲ್ಲಿಸಿದರೆ, ಆ ಕ್ಷಣ ಆಸ್ಪತ್ರೆಗೆ ಎಂದ. ಟೆಂಪೋ ಇದ್ದವನಿಗೆ ಹೇಳಿ ಬೀದಿಯ ತುದಿಗೆ ತಂದು ನಿಲ್ಲಿಸಿಯೂ ಬಂದ.

ಮಂಚಮ್ಮ ಕಾಯಿಸಿ ಆರಿಸಿದ ನೀರಿನ ಪಾತ್ರೆ ಮತ್ತು ಚೊಂಬು ಹಿಡಿದು ನಿಂತಿದ್ದಳು. ಎಷ್ಟು ನೀರು ಎಂದು ನನ್ನ ಮುಖ ನೋಡಿದಳು. ಊರಿನ ಚೊಂಬುಗಳಲ್ಲೆಲ್ಲ ಗೆರೆ ಇತ್ತು, ಇದೊಂದರಲ್ಲಿ ಇರಲಿಲ್ಲ. ನನ್ನ ಲೀಟರು ಪಟ್ಟಣದಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತಿತ್ತು. ನಾನು ಪಕ್ಕದ ಮನೆಯ ಚೊಂಬು ತರಲು ತಿರುಗುವಷ್ಟರಲ್ಲಿ ಬೀದಿಯಿಂದ ಕುಳ್ಳಯ್ಯನ ದನಿ ಬಂತು. ಅವನು ಎಮ್ಮೆಗೆ ಹೇಳುತ್ತಿದ್ದ.

"ಲೇ ಎಮ್ಮೆ, ಕೇಳುಸ್ಕೊ. ಅವ್ವನ್ ಚೊಂಬ್ನಲ್ಲಿ ನೆಗ್ಗೈತಲ್ಲ, ಅಲ್ಲೀಗಂಟ ನೀರ್ ಬುಡು. ಅದ್ರ ಮ್ಯಾಲೆ ಅರ್ದ ಲೋಟ. ಅಷ್ಟೆಯ. ಹೆಚ್ಗೂ ಬ್ಯಾಡ, ಕಮ್ಮೀನೂ ಬ್ಯಾಡ."

ಮಂಚಮ್ಮನ ಕೈ ನಿಂತಿತು. ಹೆಬ್ಬೆರಳಿನಿಂದ ನೆಗ್ಗನ್ನು ಒಮ್ಮೆ ಸವರಿದಳು. ಆಮೇಲೆ ಅಲ್ಲಿಯವರೆಗೆ ನೀರು ಹಾಕಿ, ಅರ್ಧ ಲೋಟ ಸೇರಿಸಿ, ಪೊಟ್ಟಣ ಒಡೆದು ಸುರಿದು ಕದಡಿದಳು.

ಚಮಚ ಚಮಚವಾಗಿ ಕುಡಿಸಿದರು. ಮಗು ವಾಂತಿ ಮಾಡಿದರೆ ಹೊರಗಿನಿಂದ ಎಮ್ಮೆಗೆ ಅಪ್ಪಣೆ ಬರುತ್ತಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡು, ಇನ್ನೂ ನಿಧಾನಕ್ಕೆ. ತಾಯಿಯ ಹಾಲು ನಿಲ್ಲಿಸಬೇಡ. ಎಮ್ಮೆ ಬಾಲ ಆಡಿಸುತ್ತಿತ್ತು, ಒಳಗೆ ಚಮಚ ಆಡುತ್ತಿತ್ತು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಹುಣಸೆಮರದ ನೆರಳು ಆಚೆಗಿತ್ತು. ಅಲ್ಲಿಗೆ ಹೋದರೆ ಬಾಗಿಲು ಕಾಣುವುದಿಲ್ಲವೆಂದು ಕುಳ್ಳಯ್ಯ ಬಿಸಿಲಲ್ಲೇ ನಿಂತ. ಬೀದಿಯ ಹೆಂಗಸರು ನೀರು ತಂದರು, ಮಜ್ಜಿಗೆ ತಂದರು. ಯಾವ ಮನೆಯ ನೀರನ್ನೂ ಬೇಡ ಎನ್ನದವನು ಅವತ್ತು ಎಲ್ಲವನ್ನೂ ಬೇಡ ಎಂದ. ಒಳಗಿರುವ ಮಗು ಉಚ್ಚೆ ಹೊಯ್ಯಲಿ, ಆಮೇಲೆ ನೋಡೋಣ ಎಂದ. ಎಲ್ಲರಿಗೂ ನೀರು ಕುಡಿಯಿರಿ ಎಂದು ಹೇಳುವವನ ತುಟಿ ಮಧ್ಯಾಹ್ನದ ಹೊತ್ತಿಗೆ ಒಣಗಿ ಬಿರಿದಿತ್ತು.

ಸುದ್ದಿ ಹರಡಿ ಜನ ಸೇರಿದರು. ಒಂದು ಉಚ್ಚೆಗಾಗಿ ಅಷ್ಟು ಜನ ಕಾದದ್ದು ನಮ್ಮೂರಿನ ಚರಿತ್ರೆಯಲ್ಲೇ ಇಲ್ಲ. ಮಂತ್ರಿ ಬಂದಾಗಲೂ ಇದರ ಕಾಲುಭಾಗ ಇರಲಿಲ್ಲ. ಟೆಂಪೋದವನು ಕೀಲಿ ಕೈಯಲ್ಲೇ ಹಿಡಿದುಕೊಂಡಿದ್ದ. ಎರಡೂವರೆಗೆ ಕುಳ್ಳಯ್ಯ ಗಡಿಯಾರ ನೋಡಿದ. ಎರಡೂ ಮುಕ್ಕಾಲಿಗೆ ಇನ್ನೊಮ್ಮೆ ನೋಡಿ, ಟೆಂಪೋದವನಿಗೆ ಕೈ ಎತ್ತಿದ. ಇಂಜಿನ್ನು ಸದ್ದಾಯಿತು.

ಆಗ ಮಂಚಮ್ಮ ಹೊಸ್ತಿಲಿಗೆ ಬಂದು ನಿಂತಳು. ಸೀರೆಯ ಮಡಿಲಿನಿಂದ ಮೊಣಕಾಲಿನವರೆಗೆ ಒದ್ದೆಯಾಗಿತ್ತು, ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಆ ಒದ್ದೆಯನ್ನು ಎರಡು ಕೈಯಲ್ಲಿ ಅಗಲ ಮಾಡಿ ಹಿಡಿದು ಬೀದಿಗೆ ತೋರಿಸಿದಳು.

ಬೀದಿ ಉಸಿರು ಬಿಟ್ಟ ರಭಸಕ್ಕೆ ಹುಣಸೆಮರದ ಎಲೆ ಉದುರಿತು. ಕುಳ್ಳಯ್ಯ ಮಾತ್ರ ಅಲುಗಲಿಲ್ಲ. ಇವತ್ತೂ ನಾಳೆಯೂ ಕುಡಿಸುತ್ತಲೇ ಇರಬೇಕು, ಗಂಜಿ ಕೊಡಬಹುದು, ಮತ್ತೆ ಮಂಕಾದರೆ ಕರೆಯಬೇಕು ಎಂದು ಎಮ್ಮೆಗೆ ಹೇಳಿದ. ಬಗ್ಗಿ ಸೈಕಲ್ಲು ಎತ್ತಿದ. ಎತ್ತುವಾಗ ತೂರಾಡಿದ.

ಹೊಸ್ತಿಲಿಂದ ಮಂಚಮ್ಮನ ದನಿ ಬಂತು. ಅವಳೂ ಎಮ್ಮೆಯನ್ನೇ ನೋಡುತ್ತಿದ್ದಳು. "ಬೆಳುಗ್ಗಿಂದ ಬಿಸ್ಲಲ್ ನಿಂತವ್ರಲ್ಲ, ನೀರ್ ಬೇಕಾ ಕೇಳು."

ಕುಳ್ಳಯ್ಯ ಸೈಕಲ್ಲಿನ ಹಿಡಿ ಬಿಗಿಯಾಗಿ ಹಿಡಿದ. ಆಮೇಲೆ ಎಮ್ಮೆಗೆ ಹೇಳಿದ, "ಯಾವ್ದ್ರಲ್ಲಿ ಕೊಡ್ತಾರೆ ಕೇಳು."

ಮಂಚಮ್ಮ ಒಳಗೆ ಹೋದಳು. ಸ್ಟೀಲಿನ ಲೋಟದಲ್ಲಿ ನೀರು ತಂದು ಜಗಲಿಯ ಮೇಲೆ ಇಟ್ಟಳು. ಅವನು ಲೋಟ ನೋಡಿದ. ಅವಳು ಅವನು ನೋಡುವುದನ್ನು ನೋಡಿದಳು. ಇಪ್ಪತ್ನಾಲ್ಕು ವರ್ಷದ ಮೇಲೆ ನೇರವಾಗಿ ಅವನಿಗೆ ಹೇಳಿದಳು.

"ಚೊಂಬ್ನಲ್ಲಿ ಮಗೀನ್ ಮದ್ದೈತೆ. ಬೇರೆದುಕ್ ಬಗ್ಸಾನ ಅಂದ್ರೆ ಅಳ್ತೆ ತಪ್ತದೆ."

"ಬಗ್ಗುಸ್ಬ್ಯಾಡ," ಎಂದ ಕುಳ್ಳಯ್ಯ. "ನಾಳೆ ಬೆಳುಗ್ಗೆ ಮಿಕ್ಕಿದ್ದ ಚೆಲ್ಬುಡು. ಒಂದಿನದ್ ಮ್ಯಾಲೆ ಮಡುಗ್ಬಾರ್ದು."

"ಗೊತ್ತು. ಎಮ್ಮೆಗೆ ಹೇಳಿದ್ದೆಲ್ಲ ಕೇಳುಸ್ಕಂಡಿವ್ನಿ."

ಅವನು ಲೋಟ ಮುಟ್ಟಲಿಲ್ಲ. ಸೈಕಲ್ಲು ತಳ್ಳಿಕೊಂಡು ಡೈರಿಗೆ ಬಂದ. ನಾನು ತಣ್ಣನೆಯ ನೀರು ಮೊಗೆದು ಕೊಟ್ಟೆ. ಬೇಡ ಎಂದು ತಲೆಯಾಡಿಸಿದ. ಸತ್ತೀಯ ಕಣ್ಲಾ, ಊರಿಗೆಲ್ಲ ಹೇಳುವವನು ನೀನು, ನಿನಗೇ ಬುದ್ಧಿ ಇಲ್ಲವಾ ಎಂದು ಬೈದೆ. ಕಡೆಗೆ ಬಲವಂತಕ್ಕೆ ಮಣಿದು, ಬೆಳಿಗ್ಗೆ ನನಗೆ ಕೊಟ್ಟಿದ್ದರಲ್ಲಿ ಉಳಿದ ಪೊಟ್ಟಣ ಒಂದನ್ನು ಒಡೆದು ಕಲಸಿಕೊಂಡು ಕುಡಿದ. ಇದು ಮದ್ದು, ನೀರಿನ ಲೆಕ್ಕಕ್ಕೆ ಬರುವುದಿಲ್ಲ ಎಂದ. ನಾನೂ ಒಪ್ಪಿದೆ. ನನ್ನ ಪೊಟ್ಟಣದ ಪಾಪವನ್ನೂ ಆ ಹೊತ್ತಿನಲ್ಲೇ ಹೇಳಿಬಿಟ್ಟೆ. ಅವನಿಗೆ ಕೋಪ ಬರಲಿಲ್ಲ. ಒಂದು ಲೀಟರಿಗೇ ಕಲಸಿದೆಯಾ ಎಂದು ಮಾತ್ರ ಕೇಳಿದ.

ಮರುದಿನ ನೆರಳು ಏಳೂವರೆಗೆ ಬರಲಿಲ್ಲ. ಆರೂವರೆಗೇ ಬಂತು, ಅದರ ಬೆನ್ನಿಗೇ ಅವನೂ. ಒಗೆದ ಅಂಗಿ, ಎಣ್ಣೆ ಹಚ್ಚಿದ ತಲೆ. ನಾನೂ ಬರಬೇಕೆಂದ. ಹಾಲಿನ ಸಾಲನ್ನು ಹುಡುಗನಿಗೆ ಒಪ್ಪಿಸಿ, ಹೊಸ ಮುದ್ರೆ ಬಿದ್ದ ಲೀಟರು ಹಿಡಿದುಕೊಂಡು ನಾನೂ ಹೋದೆ. ರಮ್ಯ ಹೊಸ್ತಿಲಲ್ಲಿ ಕೂತು ಗಂಜಿಯ ಬಟ್ಟಲನ್ನು ತಲೆಗೆ ಮಗುಚಿಕೊಂಡಿತ್ತು. ಮಂಚಮ್ಮ ಬೇರೆ ಪಾತ್ರೆಯಲ್ಲಿ ಕಾಲಿಗೆ ನೀರು ಕೊಟ್ಟಳು. ಕುಳ್ಳಯ್ಯ ಕಾಲು ತೊಳೆದು ಮೊದಲ ಸಲ ಆ ಜಗಲಿ ಹತ್ತಿದ. ಮಾಡಿನ ಗಳುವಿಗೆ ತಲೆ ಹೊಡೆದುಕೊಂಡ. ಮನೆ ಒಮ್ಮೆ ಅಲುಗಾಡಿತು, ಬಿದ್ದಿದ್ದರೂ ಯಾರೂ ಕೇಳುತ್ತಿರಲಿಲ್ಲ.

ಅವಳು ಚೊಂಬು ತಂದಳು. ಹುಣಸೆಹಣ್ಣಿನಲ್ಲಿ ತೊಳೆದಿದ್ದಳು. ಒಳಗೆ ಏನೂ ಇರಲಿಲ್ಲ.

"ಊರೋರ್ ಚೊಂಬ್ಗೆಲ್ಲ ಗೆರೆ ಎಳ್ದೆ," ಎಂದಳು. "ಹತ್ತೊರ್ಸದಿಂದ ನಮ್ಮನೆ ಚೊಂಬು ಹಂಗೇ ಐತೆ. ಇದ್ಕೂ ಎಳ್ಕೊಡು."

ಕುಳ್ಳಯ್ಯ ಜೇಬಿಗೆ ಕೈ ಹಾಕಿ ಮೊಳೆ ತೆಗೆದ. ನಾನು ಕುಡಿಯುವ ನೀರಿನ ಕೊಡದಿಂದ ಲೀಟರು ಅಳೆದು ಚೊಂಬಿಗೆ ಹೊಯ್ದೆ. ನೀರು ನೆಗ್ಗನ್ನು ದಾಟಿ ಅರ್ಧ ಲೋಟದಷ್ಟು ಮೇಲೆ ನಿಂತಿತು. ಅವನು ಮೊಳೆ ಊರಿ ಎಳೆದ. ಮುನ್ನೂರ ನಲವತ್ತು ಚೊಂಬಿಗೆ ದಾರ ಹಿಡಿದಂತೆ ಎಳೆದಿದ್ದ ಕೈ ಅದು. ಈ ಗೆರೆ ನಮ್ಮ ಊರಿನ ನಾಲೆಯ ಹಾಗೆ ಡೊಂಕಾಗಿ ಹೋಯಿತು. ಮೊಳೆಯನ್ನು ಜೇಬಿಗೆ ಹಾಕಿಕೊಂಡು, ಚೊಂಬನ್ನು ಎರಡೂ ಕೈಯಲ್ಲಿ ಎತ್ತಿದ. ಕುಡಿಯಲಿಲ್ಲ. ಜಗಲಿಯ ಅಂಚಿಗೆ ಬಂದು, ಬಗ್ಗಿ, ಮನೆಯ ಮುಂದಿನ ಸಗಣಿ ಸಾರಿಸಿದ ನೆಲಕ್ಕೆ ಸಣ್ಣ ಧಾರೆಯಾಗಿ ಬಿಡತೊಡಗಿದ. ಅವ್ವ ಎಂದ ಹಾಗಾಯಿತು. ನೆಲ ಕಪ್ಪಾಗುತ್ತ ಹೋಯಿತು. ಧಾರೆ ನಿಲ್ಲಲಿಲ್ಲ. ಗೆರೆ ದಾಟಿತು, ನೆಗ್ಗು ದಾಟಿತು.

ಮಂಚಮ್ಮ ಬಂದು ಚೊಂಬಿನ ಕಂಠಕ್ಕೆ ಕೈ ಹಾಕಿ ಹಿಡಿದಳು. ಕಿತ್ತುಕೊಳ್ಳಲಿಲ್ಲ, ಹಿಡಿದಳು ಅಷ್ಟೆ.

"ಅಷ್ಟೂ ಚೆಲ್ಬ್ಯಾಡ ಕಣಣ್ಣ. ಅವ್ವಂಗೆ ಸಾಕು. ನೀನೂ ಕುಡಿ."

ಉಳಿದಿದ್ದು ಒಂದೂವರೆ ಲೋಟ ಇದ್ದೀತು. ಅದನ್ನು ಕುಡಿಯಲು ಕುಳ್ಳಯ್ಯ ತೆಗೆದುಕೊಂಡ ಹೊತ್ತಿನಲ್ಲಿ ಕನ್ನಂಬಾಡಿ ಕಟ್ಟೆ ಒಮ್ಮೆ ತುಂಬಿ ಒಮ್ಮೆ ಬರಿದಾಗಬಹುದಿತ್ತು. ಎಮ್ಮೆ ಬಾಲ ಆಡಿಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು, ಇನ್ನು ಮೇಲೆ ತನಗೆ ಯಾರು ಹೇಳುತ್ತಾರೆ ಎಂಬಂತೆ. ಕುಡಿದು ಮುಗಿಸಿ, ಚೊಂಬನ್ನು ತಂಗಿಯ ಕೈಗೆ ಕೊಟ್ಟು, ಅವನು ಬಾಯಿ ಒರೆಸಿಕೊಳ್ಳದೆ ಹಾಗೇ ಕೂತಿದ್ದ.

"ಇನ್ನೊಸಿ ಕೊಡು," ಎಂದ.